ಬಾಗಿಲು ಬಡಿಯದ ಊರು

ಟ್ಯಾಂಕಿನ ಅಂಚೋ ಗಾಜಿನ ಮೇಲಿನ ಗೀರೋ, ಇನ್ನೊಮ್ಮೆ ನೋಡು, ಉಸಿರು ಬಿಗಿಹಿಡಿದು ನೋಡು, ಬಿಟ್ಟರೆ ಕಿಟಕಿ ಮಸುಕಾಗುತ್ತದೆ — ಹೌದು, ಟ್ಯಾಂಕೇ, ಎಣ್ಣೆ ಟ್ಯಾಂಕಿನ ಬಿಳಿ ಹೊಟ್ಟೆ, ಅದರಾಚೆ ರನ್‌ವೇಯ ದೀಪಗಳು, ದೀಪಗಳಾಚೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಎಂದೋ ಪಾದ್ರಿಗಳು ನೆಟ್ಟುಹೋದ ಶಿಲುಬೆ, ಶಿಲುಬೆ ಕಂಡರೆ ವಿಮಾನ ಇಳಿಯುತ್ತದೆ, ಕಂಡಿದೆ, ಅದರ ಎರಡು ತೋಳೂ ಕಂಡಿವೆ, ಇವತ್ತು ಬರುತ್ತದೆ, ಬಂದೇ ಬರುತ್ತದೆ — ಹಾಗೆಲ್ಲ ಅನ್ನಬೇಡ ಮೇವಿಸ್, ಆಕಾಶಕ್ಕೆ ಕೇಳಿಸುತ್ತದೆ, ಮೊನ್ನೆಯೂ ಹೀಗೇ ಅಂದುಕೊಂಡೆ, ಗುಡ್ಡದ ಹಿಂದಿನಿಂದ ಗಾಳಿ ಎದ್ದು ಹಿಮ ಹಾರಿ ವಿಮಾನ ಊರಿನ ನೆತ್ತಿಯವರೆಗೂ ಬಂದು ಗುಂಯ್‌ಗುಟ್ಟಿ ತಿರುಗಿ ಹೋಯಿತು, ಕೂಸಿನ ಸಮೇತ, ಕೂಸಿನ ತಾಯಿಯ ಸಮೇತ, ಊರಿಗೂರೇ ತಲೆಯೆತ್ತಿ ಆ ಸದ್ದು ಕರಗುವವರೆಗೂ ನೋಡುತ್ತ ನಿಂತಿತ್ತು. ಇವತ್ತು ಗಾಳಿಯಿಲ್ಲ. ಇವತ್ತು ಚಳಿ ಮಾತ್ರ, ಬರಿಯ ಚಳಿ, ಮೈನಸ್ ನಲವತ್ತರ ಕೆಳಗಿನ ಒಣ ಚಳಿ, ಕಿವಿಗೊಟ್ಟರೆ ಕೊಲ್ಲಿಯ ಮಂಜುಗಡ್ಡೆ ಟಳ್ ಎಂದು ಸೀಳುವುದೂ ಕೇಳುವಂಥದ್ದು, ದಕ್ಷಿಣದ ಅಂಚಿನಲ್ಲಿ ಮಾತ್ರ ಯಾರೋ ಒಲೆ ಹಚ್ಚಿದಂತೆ ಕೆಂಪು, ಆ ಕೆಂಪು ನಿನ್ನೆಗಿಂತ ದಪ್ಪವಾಗಿದೆ, ನಡುಹಗಲಿನ ಹೊತ್ತಿಗೆ ಸೂರ್ಯ ಬರಬಹುದು ಅಂತ ಸಿಮ್ಯೂನಿ ಬೆಳಿಗ್ಗೆಯೇ ಸಾರಿದ್ದಾನೆ, ಚಳಿಗಾಲ ಕವಿದಂದಿನಿಂದ ಮುಖ ತೋರಿಸದ ಸೂರ್ಯ, ಅವನೂ ಇವತ್ತೇ ಬರಬೇಕೆ, ಕೂನೂ ಬರುವ ದಿನವೇ, ನನ್ನ ಎದೆಯಲ್ಲಿ ಬೆಳಗಿನಿಂದ ಯಾರೋ ಕುಣಿಯುತ್ತಿದ್ದಾರೆ, ಪೆನ್ಸಿಲ್ ಎರಡು ಸಲ ಕೈತಪ್ಪಿ ಬಿತ್ತು, ನಿಧಾನ, ನೋಡುವುದು ನಿನ್ನ ಕೆಲಸ, ಕಿಟಕಿಯಾಚೆ ಏನಿದೆಯೋ ಅದನ್ನು ಇದ್ದಷ್ಟೇ ಮಾತಿನಲ್ಲಿ ಪೈಲಟ್‌ಗೆ ಹೇಳುವುದು, ನೋಡುವುದು ಕೆಲಸ, ಹೆದರುವುದು ಸ್ವಭಾವ, ಎರಡಕ್ಕೂ ಸೇರಿ ಒಂದೇ ಸಂಬಳ.

ಮೊಣಕೈ ಪಕ್ಕದಲ್ಲಿ ಊರಿನ ರೇಡಿಯೊ, ಸಣ್ಣ ದನಿಯಲ್ಲಿ ಇಟ್ಟಿದ್ದೇನೆ, ನಿಯಮದ ಪ್ರಕಾರ ಇಡಬಾರದು, ಆದರೆ ಅದಿಲ್ಲದೆ ಉತ್ತರ ಧ್ರುವದ ಅಂಚಿನ ಈ ಊರಿನಲ್ಲಿ ಕುಳಿತರೆ ಕಿವಿ ಕಳೆದುಕೊಂಡ ಹಾಗೆ, ಯಾರು ಬೇಕಾದರೂ ಫೋನ್ ಮಾಡಿ ಏನು ಬೇಕಾದರೂ ಹೇಳುವ ರೇಡಿಯೊ, ಈಗ ಸಿಮ್ಯೂನಿ, ಕೂನೂಳ ತಮ್ಮ, ಹಲ್ಲಿಲ್ಲದ ಬಾಯಿ, ನಾನು ಸಿಮ್ಯೂನಿ ಮಾತಾಡ್ತಿರೋದು, ನನ್ನ ಎಡಗೈ ಗವಸು ಯಾರೋ ಹಾಕ್ಕೊಂಡು ಹೋಗಿದೀರಿ, ಬಲಗೈದು ಇಲ್ಲೇ ಇದೆ, ಒಂದಿಟ್ಕೊಂಡು ನಾನೇನ್ ಮಾಡ್ಲಿ, ಬಂದು ಇದನ್ನೂ ತಗೊಂಡೋಗಿ, ಹಿಂದೆ ಯಾರೋ ಹೆಂಗಸರು ಕಿಸಕ್ಕೆನ್ನುತ್ತಾರೆ, ಆಮೇಲೆ ಮಿಯಾಲಿ, ಸದಾ ನೆಗಡಿ ಹಿಡಿದಂತಿರುವ ದನಿ, ಕೂನೂಳ ಸೊಸೆ, ನಾನು ಮಿಯಾಲಿ, ನಮ್ಮನೆಯವ್ರು ಕೊಲ್ಲೀಲಿ ಹೊಡೆದ ಸೀಲ್ ಅಡುಗೆಮನೆ ನೆಲದ ಮೇಲಿದೆ, ಎಲ್ರೂ ಬನ್ನಿ, ಕತ್ತಿ ನಿಮ್ಮದೇ ತನ್ನಿ, ಆದ್ರೆ ಮೊದಲು ಎಲ್ರೂ ವಿಮಾನದ ಹತ್ರ ಬನ್ನಿ, ನಮ್ಮತ್ತೆ ಬರ್ತಿದಾರೆ. ನಮ್ಮತ್ತೆ ಬರ್ತಿದಾರೆ. ಹೇಗೆ ಹೇಳಿದಳು, ಬಾಯಿಗೆ ಸಕ್ಕರೆ ಹಾಕಿಕೊಂಡವಳಂತೆ. ಅತ್ತೆ ಹೋದದ್ದು ಮೊದಲ ಹಿಮ ಬಿದ್ದ ವಾರ, ಗುಡ್ಡದ ಬುಡದಲ್ಲಿ ಕಲ್ಲು ಹೇರಿ ಮಲಗಿಸಿ ಬಂದೆವು, ಆಮೇಲೆ ಮಿಯಾಲಿಯ ಮಗಳು ಲೀಟಿಯಾ ತುಂಬಿದ ಬಸುರಿ ಹೆರಿಗೆಗೆಂದು ದೂರದ ಪಟ್ಟಣ ಇಕಾಲುಯಿಟ್‌ನ ಆಸ್ಪತ್ರೆಗೆ ವಿಮಾನ ಹತ್ತಿದಳು, ಅಲ್ಲಿಂದ ಫೋನು ಬಂತು, ಹೆಣ್ಣು, ಹೆಸರು ಕೂನೂ, ಇನ್ನೇನು ಹೇಳಬೇಕು, ಇಲ್ಲಿ ಹೆಸರಿಡುವುದೆಂದರೆ ನೆನಪಿಗೆಂದು ಇಡುವುದಲ್ಲ, ಹೆಸರು ಬಂತೆಂದರೆ ಆಳೇ ಬಂದ ಹಾಗೆ, ತನ್ನ ನಂಟನ್ನೆಲ್ಲ ಗಂಟು ಕಟ್ಟಿಕೊಂಡು ಬಂದ ಹಾಗೆ, ಮೂರು ವಾರದ ಕೂಸಿಗೆ ಐವತ್ತು ವರ್ಷದ ಮಗ ಜೈಪಿಟಿ, ಬಿಳಿ ಕೂದಲ ತಮ್ಮ, ಸೊಸೆ, ಗೆಳತಿಯರು, ಹಗೆಗಳು ಕೂಡ.

ಆ ದಿನ ಮಿಯಾಲಿ ರೇಡಿಯೊದಲ್ಲಿ ಒಬ್ಬೊಬ್ಬರಿಗೂ ಹೇಳಿದಳು, ನಾನು ಇದೇ ಕುರ್ಚಿಯಲ್ಲಿ ಕುಳಿತು ಕೇಳಿದೆ, ಚಹಾ ಆರಿಹೋಯಿತು, ಜೈಪಿಟಿ, ಇವಳು ನಿನಗೆ ಅವ್ವ, ನೀನು ಮಗನ ಹಾಗೇ ಇರು, ಎದುರು ಮಾತಾಡಿದ್ರೆ ನೋಡು, ಸಿಮ್ಯೂನಿ ಮಾವ, ನಿಮಗೆ ಅಕ್ಕ ಬಂದ್ಲು, ಇನ್ಮೇಲೆ ಸಿಗರೇಟು ಬಚ್ಚಿಟ್ಟು ಸೇದ್ಬೇಕು, ಮೇಲಿನ ಮನೆಯವಳೇ, ನಿನಗೆ ಇವಳು ಗೆಳತಿ, ಇಸ್ಪೀಟಿನಲ್ಲಿ ಮೋಸ ಮಾಡಿದ್ದು ಅವಳಿನ್ನೂ ಮರೆತಿಲ್ಲ — ಹೀಗೇ ಹೋಯಿತು, ಹೋಯಿತು, ನಾನು ಕಾದೆ, ಇನ್ನು ನನ್ನ ಸರದಿ, ಇನ್ನು ನನ್ನದು, ಆಮೇಲೆ ಮಿಯಾಲಿ ಅಷ್ಟೇ, ಒಲೆ ಮೇಲೆ ಪಾತ್ರೆ ಇದೆ ಅಂತ ಫೋನಿಟ್ಟಳು. ನನ್ನ ಹೆಸರು ಬರಲಿಲ್ಲ. ಮರೆತಳೆ? ಪಾತ್ರೆ ಉಕ್ಕಿತೆ? ಇಲ್ಲವೇ ಅದು ನಿಜವಾಗಿ ನಂಟೇ ಆಗಿರಲಿಲ್ಲವೆ, ಕೂನೂ ನನ್ನನ್ನು ಮಗಳೇ ಅಂದದ್ದು ದಕ್ಷಿಣದಿಂದ ಬಂದ ಒಂಟಿ ಹೆಂಗಸಿನ ಮೇಲೆ ಮುದುಕಿಯೊಬ್ಬಳ ಕರುಣೆ, ಅಥವಾ ತಮಾಷೆ, ಬೇಸಿಗೆಯಲ್ಲಿ ಮೀನಿನ ಬಿಡಾರದಲ್ಲಿ ಬಂದವರಿಗೆಲ್ಲ ನನ್ನನ್ನು ತೋರಿಸಿ ಇವಳು ನನ್ ಮಗಳು, ಸ್ವಲ್ಪ ಮಂಕು ಅಂದಾಗ ಎಲ್ಲರೂ ನಕ್ಕಿದ್ದರಲ್ಲ, ನಾನೂ ನಕ್ಕಿದ್ದೆ, ಮೀನಿನ ಹೊಟ್ಟೆ ಸೀಳುತ್ತಿದ್ದ ಕೈಯನ್ನು ನಿಲ್ಲಿಸದೆ ನಕ್ಕಿದ್ದೆ, ಒಳಗೆ ಮಾತ್ರ ಆ ಮಾತನ್ನು ಎತ್ತಿ ಒರೆಸಿ ಇಟ್ಟುಕೊಂಡೆ. ಕೇಳಬಹುದಿತ್ತು ಮಿಯಾಲಿಯನ್ನು. ಕೇಳಿದರೆ ಮೂಗು ಸುಕ್ಕು ಮಾಡಿದರೆ? ಇಲ್ಲಿ ಬೇಡ ಅನ್ನಲು ಬಾಯಿ ಬೇಕಿಲ್ಲ, ಮೂಗು ಸುಕ್ಕಾದರೆ ಇಲ್ಲ, ಹುಬ್ಬೇರಿದರೆ ಹೌದು, ಮೊದಲ ವರ್ಷ ಅಂಗಡಿಯಲ್ಲಿ ಹಾಲಿದೆಯಾ ಹಾಲಿದೆಯಾ ಅಂತ ನಾಲ್ಕು ಸಲ ಕೇಳಿ ಹುಡುಗಿಗೆ ಸಿಟ್ಟು ಬಂದಿತ್ತು, ಪಾಪ, ನಾಲ್ಕು ಸಲವೂ ಹುಬ್ಬೇರಿಸಿ ಹೇಳಿದ್ದಳು.

ಅಕ್ಕ ಭಾನುವಾರಗಳಲ್ಲಿ ಫೋನ್ ಮಾಡುತ್ತಾಳೆ, ಪೀಚ್ ತೋಟದ ನಡುವಿನ ಮನೆಯಿಂದ, ಇನ್ನೂ ಎಷ್ಟು ದಿನ ಆ ಫ್ರಿಜ್ಜಿನಲ್ಲಿ ಕೂತಿರ್ತೀಯ ಮೇವಿಸ್, ನಿನಗೆ ಅಲ್ಲಿ ಯಾರಿದಾರೆ, ಯಾರಿದಾರೆ ಹೇಳು, ನಾನು ಹುಬ್ಬೇರಿಸುತ್ತೇನೆ, ಫೋನಿನಲ್ಲಿ ಹುಬ್ಬು ಕಾಣುವುದಿಲ್ಲ. ಯಾರಿದಾರೆ. ಇದ್ದಳು. ಮೊದಲ ಚಳಿಗಾಲದಲ್ಲಿ ನಾನು ಕೇಕು ಮಾಡಿ ಕೂನೂಳ ಮನೆಗೆ ಹೋದೆ, ನೆರೆಯವರಿಗೆ ಪರಿಚಯ ಹೇಳಿಕೊಳ್ಳಬೇಕೆಂದು, ಹೊಸ ಕೋಟು, ಕೈಯಲ್ಲಿ ತಟ್ಟೆ, ಮೆಟ್ಟಿಲ ಮೇಲೆ ನಿಂತು ಗವಸು ಕಳಚಿ ಮುಷ್ಟಿ ಎತ್ತಿ ಬಾಗಿಲು ಬಡಿದೆ, ಟಕ್ ಟಕ್, ನಮ್ಮೂರಿನ ಮರ್ಯಾದೆ, ಒಳಗೆ ಅಷ್ಟು ಹೊತ್ತು ಕೇಳುತ್ತಿದ್ದ ಮಾತು, ನಗು, ಮಗುವಿನ ಅಳು, ಎಲ್ಲ ಒಮ್ಮೆಗೇ ನಿಂತವು, ನಾನು ಮತ್ತೆ ಬಡಿದೆ, ಟಕ್ ಟಕ್, ಯಾರೂ ಬರಲಿಲ್ಲ, ಯಾರೂ ಉಸಿರಾಡಲಿಲ್ಲ, ನನಗೇನು ಗೊತ್ತು ಈ ಊರಿನಲ್ಲಿ ಬಾಗಿಲು ಯಾರೂ ಬಡಿಯುವುದಿಲ್ಲವೆಂದು, ಬಂದವರು ಬಾಗಿಲು ತೆರೆದು ಒಳಗೆ ಬಂದು ಬೂಟು ಕಳಚಿ ಕೂರುತ್ತಾರೆಂದು, ಬಡಿಯುವವನು ಪೊಲೀಸಿನವನೊಬ್ಬನೇ, ಅವನೂ ಬಡಿಯುವುದು ಒಂದೇ ಸುದ್ದಿಗೆ, ಸಾವಿನ ಸುದ್ದಿಗೆಂದು, ಆ ದಿನ ಜೈಪಿಟಿ ಕೊಲ್ಲಿಯ ತುದಿಯಲ್ಲಿ ತೆಳು ಮಂಜಿನ ಮೇಲೆ ಬೇಟೆಗೆ ಹೋಗಿದ್ದನೆಂದು. ಕೊನೆಗೆ ಬಾಗಿಲು ತೆರೆದವಳು ಕೂನೂ, ಕುಳ್ಳಿ, ಎರಡು ಜಡೆ, ಮುಖ ಬೂದಿ, ನನ್ನನ್ನು ನೋಡಿದಳು, ಕೇಕನ್ನು ನೋಡಿದಳು, ಮತ್ತೆ ನನ್ನನ್ನು, ಆಮೇಲೆ ನಗತೊಡಗಿದಳು, ನಕ್ಕು ನಕ್ಕು ಹೊಸ್ತಿಲ ಮೇಲೇ ಕುಕ್ಕರಿಸಿದಳು, ಪೊಲೀಸಲ್ಲ ಕಣ್ರೇ, ಕೇಕು, ಕೇಕು ಬಂದಿದೆ. ಅಂದಿನಿಂದ ಊರಿಗೆಲ್ಲ ನಾನು ಟಕ್‌ಟಕ್, ಮೇವಿಸ್ ಅನ್ನುವವರು ಪೈಲಟ್‌ಗಳು ಮಾತ್ರ, ಮಕ್ಕಳಿಗೆ ಟಕ್‌ಟಕ್ಕಕ್ಕ, ಅಂದಿನಿಂದ ನಾನು ಯಾವಾಗ ಒಳಗೆ ಹೋದರೂ ಕೂನೂ ಹೊಲಿಗೆಯಿಂದ ತಲೆಯೆತ್ತದೆ ತನ್ನ ಎದೆಯ ಮೂಳೆಯ ಮೇಲೆ ಮುಷ್ಟಿಯಿಂದ ಎರಡು ಸಲ ಬಡಿದುಕೊಂಡು ಕೇಳುತ್ತಿದ್ದಳು, ಯಾರದು, ಪೊಲೀಸಾ, ಕೇಕಾ? ಸಣ್ಣ ಮುಷ್ಟಿ, ಸೂಜಿ ಚುಚ್ಚಿದ ಗುರುತುಗಳು, ಗೆಣ್ಣುಗಳು ಬೆಳ್ಳಗೆ. ಕೊನೆಯ ವಾರ ಮಾತು ನಿಂತಿತ್ತು, ನಾನು ಹಾಸಿಗೆಯ ಅಂಚಿನಲ್ಲಿ ಕೂತೆ, ಅವಳ ಕೈ ಕಂಬಳಿಯ ಮೇಲೆ ಮಡಿಸಿಕೊಂಡು ಮುಷ್ಟಿಯಾಯಿತು, ಏಳಲಿಲ್ಲ, ಆದರೆ ಮುಷ್ಟಿಯಾಯಿತು.

ಬುರ್ರೆಂದು ಸದ್ದು, ವಿಮಾನವೇ, ಇಲ್ಲ, ಹಿಮಗಾಡಿಗಳು, ಕೊಲ್ಲಿಯ ಮೇಲಿನಿಂದ ಒಂದರ ಹಿಂದೊಂದು, ದೀಪ ಹಚ್ಚಿಕೊಂಡು, ಒಂದೊಂದರ ಮೇಲೂ ಮೂರು ನಾಲ್ಕು ಜನ, ಹಿಂದೆ ಜಾರುಬಂಡಿ, ಜಾರುಬಂಡಿಯ ಮೇಲೆ ಮುದುಕಿಯರು ಹಿಮಸಾರಂಗದ ಚರ್ಮ ಹೊದ್ದು ರಾಣಿಯರ ಹಾಗೆ, ಊರಿಗೂರೇ ಬರುತ್ತಿದೆ, ಹೋ, ಶಾಲೆಯನ್ನೂ ಬಿಟ್ಟಿರಬೇಕು, ಮಕ್ಕಳು ರನ್‌ವೇಯ ಬೇಲಿಗೆ ಆತುಕೊಂಡು ಕುಣಿಯುತ್ತಿವೆ, ಜೈಪಿಟಿ ತನ್ನ ಹಳದಿ ಗಾಡಿಯ ಮೇಲೆ ನಿಂತುಕೊಂಡೇ ಬಂದ, ನಿಂತುಕೊಂಡು ಗಾಡಿ ಓಡಿಸುವ ವಯಸ್ಸೇ, ಇವತ್ತು ಎಲ್ಲರಿಗೂ ಅದೇ ವಯಸ್ಸು, ಅವನ ಹಿಂದೆ ಮಿಯಾಲಿ, ಬೆನ್ನಿಗೆ ದೊಡ್ಡ ಜೋಳಿಗೆಯಿರುವ ಬಿಳಿ ಕೋಟು, ಖಾಲಿ ಜೋಳಿಗೆ, ಕೂಸಿಗೆಂದು ಹೊಲಿದದ್ದು, ಅಂಚಿನ ಕೆಂಪು ಪಟ್ಟಿ ಕೂನೂಳ ಹಳೆಯ ಕೋಟಿನದು, ನನಗೆ ಗೊತ್ತು, ನಾನು ಆ ಪಟ್ಟಿಯ ಬಿಚ್ಚಿದ ಹೊಲಿಗೆ ಹಾಕಿದವಳು, ವಕ್ರವಾಗಿ ಹಾಕಿ ಬೈಸಿಕೊಂಡವಳು, ಎಲ್ಲ ಗಾಡಿಗಳೂ ಕಟ್ಟಡದ ಮುಂದೆ ಸಾಲಾಗಿ ನಿಂತವು, ಯಾರೂ ಇಂಜಿನ್ ಆರಿಸುವುದಿಲ್ಲ, ಈ ಚಳಿಯಲ್ಲಿ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದೋ ಇಲ್ಲವೋ, ಸಾಲಿಗೆ ಸಾಲೇ ಬುಸುಗುಡುತ್ತಿದೆ, ಬೆಳ್ಳನೆ ಹೊಗೆ, ಚೆಂದ, ಎಷ್ಟು ಚೆಂದ, ದೀಪದ ಬೆಳಕಿಗೆ ಗುಲಾಬಿ ಬಣ್ಣ — ಆಗಲೇ ಇನ್ನೊಂದು ರೇಡಿಯೊ ಗರಗರ, ನನ್ನ ಕೆಲಸದ ರೇಡಿಯೊ, ಪೈಲಟ್, ಮೇವಿಸ್, ಗುಡ್ ಮಾರ್ನಿಂಗ್, ಇಪ್ಪತ್ತು ನಿಮಿಷದಲ್ಲಿ ನಿಮ್ಮ ಮೇಲಿರ್ತೀವಿ, ಹೇಗಿದೆ ಅಲ್ಲಿ, ನನ್ನ ಜೊತೆ ಒಂದು ವಿಐಪಿ ಇದಾರೆ, ಹೊರಟಾಗಿಂದ ಕಿರುಚ್ತಾನೇ ಇದಾರೆ. ಅವಳೇ. ಕಿರುಚುತ್ತಾಳಂತೆ. ಗಾಳಿ ಇಲ್ಲ, ಆಕಾಶ ತಿಳಿ, ಶಿಲುಬೆ ಕಾಣುತ್ತಿದೆ, ಅಂತ ನಾನು ಹೇಳಿದೆ, ನನ್ನ ದನಿ ನನಗೇ ಹಾಡಿನಂತೆ ಕೇಳಿತು, ಕೆಮ್ಮಿ ಸರಿಮಾಡಿಕೊಂಡೆ.

ಶಿಲುಬೆ. ಎಲ್ಲಿ ಶಿಲುಬೆ. ಗಾಜು ಒರೆಸು, ಗಾಜು ಸರಿಯಾಗಿದೆ, ಶಿಲುಬೆ ಇಲ್ಲ, ಗುಡ್ಡವೂ ಇಲ್ಲ, ದೀಪಗಳ ಸಾಲಿನಲ್ಲಿ ಕೊನೆಯವು ಮಸುಕಾದವು, ಒಂದು ಆರಿತು, ಇನ್ನೊಂದು, ಮೋಡವೆಲ್ಲಿಂದ ಬಂತು, ಗಾಳಿಯಿಲ್ಲದೆ ಮೋಡ ಹೇಗೆ — ಅಯ್ಯೋ ದೇವರೇ, ಇವರೇ, ಇವರ ಹೊಗೆಯೇ, ಈ ಚಳಿಯಲ್ಲಿ ಹೊಗೆ ಮೇಲೆ ಹೋಗದೆ ಮಂಜಾಗಿ ಹೆಪ್ಪುಗಟ್ಟಿ ಕಂಬಳಿಯ ಹಾಗೆ ನೆಲದ ಮೇಲೆ ಹಾಸಿಕೊಳ್ಳುತ್ತಿದೆ, ರನ್‌ವೇಯ ಮೇಲೆ ತೆವಳುತ್ತಿದೆ, ಕೂನೂಳನ್ನು ಕಾಣಲು ಓಡಿಬಂದ ಊರು ಕೂನೂ ಇಳಿಯುವ ಜಾಗವನ್ನೇ ಮುಚ್ಚುತ್ತಿದೆ, ಟ್ಯಾಂಕಿನ ಹೊಟ್ಟೆ ಅರ್ಧ ಕರಗಿತು, ಮೇವಿಸ್, ಈಗ ಹೇಗಿದೆ, ಹೇಳಿ. ಏನು ಹೇಳಲಿ. ಟ್ಯಾಂಕು ಕಾಣುತ್ತದೆ ಅನ್ನಲೆ, ಅರ್ಧ ಕಾಣುತ್ತದಲ್ಲ, ದೀಪಗಳು ಕಾಣುತ್ತವೆ ಅನ್ನಲೆ, ನಾಲಿಗೆಯ ತುದಿಯಲ್ಲಿ ಬಂತು ಆ ಸಣ್ಣ ಮಾತು, ಒಳ್ಳೆಯ ಮಾತು, ಅದನ್ನು ಹೇಳಿದರೆ ಅವರು ಇಳಿಯುತ್ತಾರೆ, ಹೇಳದಿದ್ದರೆ ತಿರುಗಿ ಹೋಗುತ್ತಾರೆ, ಎರಡನೆಯ ಸಲ, ಕೂನೂ ಎರಡನೆಯ ಸಲ ತಿರುಗಿ ಹೋದರೆ — ಬೇಡ, ಇದ್ದದ್ದೇ ಹೇಳು, ಕಾಣದ್ದನ್ನು ಕಂಡೆ ಅನ್ನಬೇಡ, ನೆಲದ ಮಂಜು, ರನ್‌ವೇ ಕಾಣುತ್ತಿಲ್ಲ, ಮೇಲೆಯೇ ಸುತ್ತುತ್ತಿರಿ, ಕಾರಣ ಗೊತ್ತಿದೆ, ಕೆಲವು ನಿಮಿಷ ಕೊಡಿ. ಪೈಲಟ್ ಅಂದ, ಇಂಧನ ಜಾಸ್ತಿ ಹೊತ್ತು ಸುತ್ತೋಕೆ ಬಿಡಲ್ಲ ಮೇವಿಸ್, ಗೊತ್ತು, ಗೊತ್ತು, ಕೋಟು, ಗವಸು, ಬಾಗಿಲ ಬೀಗ, ಓಡಬೇಡ, ಓಡಬೇಡ ಮಗಳೇ, ಬೆವರಬೇಡ, ಬೆವರಿದೋರು ಮೊದಲು ಸಾಯ್ತಾರೆ, ಚಳಿ ಅಂದ್ರೆ ಮನೆ ಹಿರೀಕನ ಥರ, ಎದುರಿಗೆ ನುಗ್ಗಬೇಡ, ಪಕ್ಕದಿಂದ ಹೋಗು, ಅನ್ನುತ್ತಿದ್ದೆಯಲ್ಲ ಕೂನೂ, ಇವತ್ತೊಂದು ದಿನ ಎದುರಿಗೇ ನುಗ್ಗುತ್ತೇನೆ, ಕ್ಷಮಿಸು.

ಹೊರಗೆ ಗಾಳಿ ಹಲ್ಲಿಗೆ ತಗುಲಿ ಜುಂ ಎನ್ನುತ್ತದೆ, ಕಣ್ಣರೆಪ್ಪೆ ಅಂಟಿಕೊಳ್ಳುತ್ತದೆ, ನಿಲ್ಲಿಸಿ, ಆರಿಸಿ, ಕೂಗಿದೆ, ನನ್ನ ಕೂಗು ಬಾಯಿಂದ ಹೊರಬಂದು ಹೊಗೆಯಾಯಿತು ಅಷ್ಟೇ, ಅಷ್ಟೊಂದು ಇಂಜಿನ್‌ಗಳ ನಡುವೆ ನನಗೇ ಕೇಳಲಿಲ್ಲ, ಎಲ್ಲರೂ ಆಕಾಶ ನೋಡುತ್ತಿದ್ದಾರೆ, ಮೇಲೆಲ್ಲೋ ಅದರ ಸದ್ದು, ಬಂತು ಬಂತು ಅಂತ ಕೈ ಬೀಸುತ್ತಿದ್ದಾರೆ, ಜೈಪಿಟಿಯ ತೋಳು ಜಗ್ಗಿದೆ, ಅವನು ನಕ್ಕು ನನ್ನ ಬೆನ್ನು ತಟ್ಟಿ ಮತ್ತೆ ಆಕಾಶಕ್ಕೆ ಮುಖವೆತ್ತಿದ, ಗೋಡೆಯ ಪಕ್ಕದಲ್ಲಿ ಖಾಲಿ ಎಣ್ಣೆಯ ಪೀಪಾಯಿ, ಮುಷ್ಟಿಯಿಂದ ಬಡಿದೆ, ಗವಸಿನ ಮುಷ್ಟಿ, ಬೆಕ್ಕು ಹೆಜ್ಜೆಯಿಟ್ಟಷ್ಟೂ ಸದ್ದಾಗಲಿಲ್ಲ, ಹಿಮ ತೆಗೆಯುವ ಸಲಿಕೆ ಅಲ್ಲೇ ಒರಗಿಸಿತ್ತು, ಎರಡು ಕೈಯಲ್ಲೂ ಹಿಡಿದು ಪೀಪಾಯಿಗೆ ಬಾರಿಸಿದೆ, ಢಣ್ ಢಣ್, ಢಣ್ ಢಣ್, ಗುಡ್ಡಕ್ಕೆ ಹೋಗಿ ಮರಳಿ ಬಂತು, ಮೊದಲು ಒಬ್ಬ ತಿರುಗಿದ, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ, ಇಂಜಿನ್‌ಗಳು ಒಂದೊಂದಾಗಿ ದನಿ ತಗ್ಗಿಸಿದವು, ಬಡಿಯುವ ಸದ್ದು ಕೇಳಿದರೆ ಈ ಜನ ಹಾಗೆಯೇ, ಕೈ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ — ಮಿಯಾಲಿ ನನ್ನನ್ನು ನೋಡುತ್ತಿದ್ದಳು, ಅವಳ ಮುಖ, ಅಯ್ಯೋ, ಆ ಮುಖ, ಬೂದಿ, ಕೂನೂಳ ಮುಖ ಆ ದಿನ ಇದ್ದ ಹಾಗೆ, ಅವಳ ಕೈ ಬೆನ್ನ ಹಿಂದಿನ ಖಾಲಿ ಜೋಳಿಗೆಯನ್ನು ಹಿಡಿದುಕೊಂಡಿತ್ತು, ವಿಮಾನಕ್ಕೆ ಏನೋ ಆಗಿದೆ, ವಿಮಾನದವಳು ಬಂದು ಬಡಿಯುತ್ತಿದ್ದಾಳೆ, ಏನೋ ಆಗಿಹೋಗಿದೆ ಅಂದುಕೊಂಡಿದ್ದಾಳೆ, ಮತ್ತೆ ಅದನ್ನೇ ಮಾಡಿದೆ ಮೇವಿಸ್, ಇಷ್ಟು ವರ್ಷಗಳಾದ ಮೇಲೆ ಮತ್ತೆ ಅದನ್ನೇ, ಮಾತಾಡು ಬೇಗ, ಏನೂ ಆಗಿಲ್ಲ, ಏನೂ ಆಗಿಲ್ಲ, ಮೇಲೆ ಚೆನ್ನಾಗಿದಾರೆ, ನಿಮ್ಮ ಹೊಗೆ, ನಿಮ್ಮ ಹೊಗೆಗೆ ಅವರಿಗೆ ನೆಲ ಕಾಣ್ತಿಲ್ಲ, ಆರಿಸಿಬಿಡಿ, ಎಲ್ಲ ಆರಿಸಿ. ಆಮೇಲೆ ಸಿಮ್ಯೂನಿ, ಜಾರುಬಂಡಿಯ ಮೇಲಿಂದ, ನೋಡ್ರೋ, ಟಕ್‌ಟಕ್ ಇಡೀ ಊರಿನ ಬಾಗಿಲೇ ಬಡಿದ್ಲು, ಯಾರೋ ಹುಡುಗ, ಆರಿಸಿದ್ರೆ ಮತ್ತೆ ಹೊತ್ಕೊಳ್ಳಲ್ಲ ಕಣಕ್ಕ, ಜೈಪಿಟಿ ತನ್ನ ಕೋಟು ಕಳಚಿ, ಈ ಚಳಿಯಲ್ಲಿ ಬರಿಯ ಸ್ವೆಟರಿನಲ್ಲಿ ನಿಂತು, ಇಂಜಿನ್ನಿಗೆ ಹೊದಿಸಿದ, ಕೂಸಿಗೆ ಹೊದಿಸುವ ಹಾಗೆ ಅಂಚುಗಳನ್ನು ಒಳಗೆ ತುರುಕಿದ, ಅವ್ವ ಬರ್ತಿದಾಳೆ, ಹೊತ್ಕೊಳ್ಳದಿದ್ರೆ ನಡ್ಕೊಂಡು ಹೋಗೋಣ. ಆಮೇಲೆ ನೋಡಬೇಕಿತ್ತು, ಕಂಬಳಿಗಳು, ಸಾರಂಗದ ಚರ್ಮಗಳು, ಮುದುಕಿಯರು ಕೂತಲ್ಲಿಂದ ಎದ್ದು ತಮ್ಮ ಹೊದಿಕೆಗಳನ್ನೇ ಕೊಟ್ಟರು, ಸಾಲು ಸಾಲು ಗಾಡಿಗಳು ಹೊದ್ದು ಮಲಗಿದವು, ಕೊನೆಯ ಇಂಜಿನ್ ಕೆಮ್ಮಿ ನಿಂತಿತು, ಎಂಥ ಮೌನ, ಎಂಥ ಮೌನ, ಮೇಲೆ ಆ ಒಂದೇ ಸದ್ದು, ಸುತ್ತುತ್ತಿರುವ ಸದ್ದು, ಎಲ್ಲರ ಉಸಿರೂ ಮುಖದ ಮುಂದೆ ನಿಂತಿತ್ತು, ಉಸಿರೂ ಬಿಡ್ಬೇಡ್ರೋ, ಅದೂ ಮಂಜಾಗತ್ತೆ, ಅಂದ ಸಿಮ್ಯೂನಿ, ಮಕ್ಕಳು ನಿಜಕ್ಕೂ ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದವು. ಮಿಯಾಲಿ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಒಳಗೆ ಬಂದೆ, ಬೀಗ ತಾನೇ ಬಿದ್ದುಕೊಂಡಿತು, ಊರಿನಲ್ಲಿ ಬೀಗ ಬೀಳುವ ಬಾಗಿಲು ಇದೊಂದೇ, ನಿಯಮ, ಬೆರಳುಗಳಿಗೆ ಜೀವ ಬರುವಾಗಿನ ಉರಿ, ಕಿಟಕಿಗೆ ಕಣ್ಣು, ಮಂಜು ಹಾಗೇ ಇದೆ, ಕದಲುತ್ತಿಲ್ಲ, ಕದಲು, ಕದಲು ಮಾರಾಯ, ಮೇವಿಸ್, ಇನ್ನೊಂದು ಸುತ್ತು, ಅಷ್ಟೇ, ಆಮೇಲೆ ಹೊರಡ್ತೀವಿ — ಅಷ್ಟರಲ್ಲಿ ಮಂಜಿನ ಮೇಲ್ಭಾಗಕ್ಕೆ ಯಾರೋ ಬೆಂಕಿ ಹಚ್ಚಿದರು. ಚಿನ್ನ. ಬರೀ ಚಿನ್ನ. ದಕ್ಷಿಣದ ಅಂಚಿನ ಕೆಂಪಿನೊಳಗಿಂದ ಉಗುರಿನಷ್ಟು, ಉಗುರಿನ ಬಿಳಿಯಷ್ಟು ಸೂರ್ಯ, ಕಣ್ಣು ಮಿಟುಕಿಸಿದರೆ ಹೋಗಿಬಿಡುವಷ್ಟು, ಎಷ್ಟೋ ವಾರಗಳ ಮೇಲೆ ನನ್ನ ಕೈಗೆ ನೆರಳು ಹುಟ್ಟಿತು, ಮೇಜಿನ ಮೇಲೆ ಉದ್ದನೆಯ ನೀಲಿ ನೆರಳು, ನನ್ನದೇ, ಹಿಂದೆಯೇ ನೆಲದಿಂದ ಒಂದು ಸಣ್ಣ ಉಸಿರು, ಗುಡ್ಡದ ಇಳಿಜಾರಿನಿಂದ ಜಾರಿಬಂದ ಗಾಳಿ, ಮಂಜಿನ ಕಂಬಳಿಯ ಒಂದು ಅಂಚು ಎದ್ದಿತು, ಮಡಿಸಿಕೊಂಡಿತು, ಕೊಲ್ಲಿಯ ಕಡೆಗೆ ಸರಿಯತೊಡಗಿತು, ಒಂದು ದೀಪ, ಇನ್ನೊಂದು, ಟ್ಯಾಂಕು, ದೀಪಗಳೆಲ್ಲ, ಗುಡ್ಡ, ಶಿಲುಬೆಯ ಒಂದು ತೋಳು, ತಡಿ, ಅವಸರ ಮಾಡಬೇಡ, ಎರಡನೆಯದೂ ಬರಲಿ, ಬಂತು, ಎರಡೂ ತೋಳು — ಕಾಣುತ್ತಿದೆ, ರನ್‌ವೇ ಪೂರ್ತಿ ಕಾಣುತ್ತಿದೆ, ಇಳಿಯಿರಿ, ಇಳಿಯಿರಿ. ಹೊರಗೆ ಜನ ಸೂರ್ಯನ ಕಡೆ ತಿರುಗಿ ನಿಂತಿದ್ದರು, ಎಲ್ಲರೂ ಅರ್ಧ ಮುಖದಲ್ಲಿ ನಗುತ್ತ, ಮೊದಲ ಸೂರ್ಯನಿಗೆ ಇಲ್ಲಿ ಅರ್ಧವೇ ನಗಬೇಕು, ಒಂದು ಕೆನ್ನೆ ಮಾತ್ರ ಎತ್ತಿ, ಬಂದೆಯಲ್ಲ ಅಂತ ಅರ್ಧ, ಚಳಿ ಇನ್ನೂ ಮುಗಿದಿಲ್ಲ ಅಂತ ಇನ್ನರ್ಧ, ಪೂರ್ತಿ ನಕ್ಕರೆ ಅವನಿಗೆ ಸೊಕ್ಕು ಬರತ್ತೆ ಮಗಳೇ ಅಂದಿದ್ದಳು ಕೂನೂ, ನನ್ನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ಕಲಿಸಿದ್ದಳು, ನಾನೂ ಈಗ ಒಂದು ಕೆನ್ನೆ ಎತ್ತಿದೆ, ಮಿಯಾಲಿ ಅಡ್ಡ ನಿಂತಿದ್ದಳು, ಅವಳ ಮುಖದ ನಗದ ಅರ್ಧ ನನ್ನ ಕಡೆಗಿತ್ತು, ನಗುವ ಅರ್ಧ ಸೂರ್ಯನ ಕಡೆಗೆ. ಅದರ ನಡುವೆ, ಆ ಚಿನ್ನದ ನಡುವೆ, ವಿಮಾನದ ಎರಡು ದೀಪ ಇಳಿದು ಬಂದು ಹಿಮವನ್ನು ಮುಟ್ಟಿ ಪುಡಿ ಹಾರಿಸುತ್ತ ಓಡಿದವು, ನಾನು ಕುರ್ಚಿಯಿಂದ ಎದ್ದು ನಿಂತು ಕೂಗಿದ್ದೆ ಅಂತ ಆಮೇಲೆ ತಿಳಿಯಿತು, ಮೈಕಿನ ಗುಂಡಿ ಒತ್ತಿಕೊಂಡೇ ಇತ್ತು, ಪೈಲಟ್ ನಗುತ್ತಿದ್ದ, ಥ್ಯಾಂಕ್ಯೂ ಮೇವಿಸ್, ನಮ್ಮ ವಿಐಪಿನೂ ಅದನ್ನೇ ಹೇಳ್ತಿದಾರೆ.

ವಿಮಾನ ನೆಲದ ಮೇಲಿರುವವರೆಗೆ ನಾನು ರೇಡಿಯೊ ಬಿಟ್ಟು ಏಳುವಂತಿಲ್ಲ, ನಿಯಮ, ಒಳ್ಳೆಯ ನಿಯಮ, ಅದರ ಹಿಂದೆ ಅಡಗಬಹುದು, ಬಾಗಿಲಿನ ಸಣ್ಣ ಗಾಜಿನಿಂದ ಪಡಸಾಲೆ ಕಾಣುತ್ತದೆ, ಜನ ತುಂಬಿ ತುಳುಕುತ್ತಿದ್ದಾರೆ, ಸೀಲ್ ಚರ್ಮದ ವಾಸನೆ ಬಾಗಿಲ ಸಂದಿಯಿಂದಲೂ ಬರುತ್ತಿದೆ, ಲೀಟಿಯಾ ಒಳಗೆ ಬಂದಳು, ಕೆನ್ನೆ ಕೆಂಪು, ಕೈಯಲ್ಲಿ ಗಂಟಿನಂಥದ್ದು, ಗಂಟು ಜೈಪಿಟಿಯ ಕೈಗೆ ಹೋಯಿತು, ಕರಡಿ ಹೊಡೆಯುವ ಗಂಡಸು ಅದನ್ನು ಹಿಡಿದುಕೊಂಡು ನಿಂತ, ಅವ್ವಾ, ಬಂದ್ಯಾ, ಅಷ್ಟೇ, ಆಮೇಲೆ ಮಿಯಾಲಿಯ ಜೋಳಿಗೆಗೆ, ಸಾಲು ಕಟ್ಟಿದರು ಎಲ್ಲರೂ, ಹೊಸದಾಗಿ ಬಂದವರ ಕೈಕುಲುಕಬೇಕು, ಎಷ್ಟೇ ಚಿಕ್ಕವರಾದರೂ, ಒಬ್ಬೊಬ್ಬರೇ ಬಗ್ಗಿ ಜೋಳಿಗೆಯೊಳಗೆ ಕೈಹಾಕಿ ಕುಲುಕುತ್ತ ತಾವು ಯಾರೆಂದು ಹೇಳುತ್ತಾರೆ, ನಿನ್ನ ನೆರೆಯವನು, ನಿನ್ನ ಗೆಳತಿ, ಇಸ್ಪೀಟಾಟ ಮತ್ತೆ ಶುರು ಮಾಡೋಣ, ಸಿಮ್ಯೂನಿ ಕೋಲೂರಿ ಬಗ್ಗಿದ, ಅಕ್ಕಾ, ನಾನು ಕಣೆ, ನಿನ್ ತಮ್ಮ, ನನ್ನ ಎಡಗೈ ಗವಸು ನೀನೇ ಹಾಕ್ಕೊಂಡು ಹೋಗಿದ್ದಾ, ಪಡಸಾಲೆಯೇ ನಗೆಯಲ್ಲಿ ಕುಲುಕಿತು, ನಾನು ಗಾಜಿನ ಈ ಕಡೆ ನಕ್ಕೆ, ನನ್ನ ಉಸಿರು ಗಾಜಿಗೆ ತಾಗಿತು, ಆ ಕಡೆ ಅವರೆಲ್ಲರ ಉಸಿರು, ತಣ್ಣನೆಯ ಗಾಜು ಬೆಳ್ಳಗೆ ಕಟ್ಟತೊಡಗಿತು, ಹೂವು ಹೂವಾಗಿ, ಇನ್ನು ಅವರೆಲ್ಲ ಬರಿಯ ಬಣ್ಣಗಳು, ಬಿಳಿ ಕೋಟಿನ ಕೆಂಪು ಪಟ್ಟಿಯೊಂದು ಸುಳಿಯಿತು, ಈ ಕಡೆಗೆ ಬಂತೇ, ಇಲ್ಲ, ದೂರ ಹೋಯಿತು. ಹೋಗಲಿ. ನೀನೇ ಹೋಗಬಹುದು ಸಂಜೆ, ಸೀಲ್ ಊಟಕ್ಕೆ ಎಲ್ಲರನ್ನೂ ಕರೆದಿದ್ದಾಳಲ್ಲ, ಎಲ್ಲರಲ್ಲಿ ನೀನೂ ಒಬ್ಬಳು, ಬೂಟು ಕಳಚಿ ಮೂಲೆಯಲ್ಲಿ ಕೂತು, ಸಾಲು ಮುಗಿದ ಮೇಲೆ ಕೈಕುಲುಕಿ — ಏನಂತ ಹೇಳುತ್ತೀ, ನಾನು ಯಾರೆಂದು ಹೇಳುತ್ತೀ, ನಾನು ಟಕ್‌ಟಕ್, ವಿಮಾನದ ಹೆಂಗಸು, ನಿನ್ನ ಸೊಸೆಯನ್ನು ಇವತ್ತೂ ಹೆದರಿಸಿದವಳು.

ಹೊರಗೆ ಇಂಜಿನ್‌ಗಳು ಎಚ್ಚರಗೊಳ್ಳುತ್ತಿವೆ, ಒಂದು ಕೆಮ್ಮಿತು, ಹೊತ್ತಿಕೊಂಡಿತು, ಜನ ಹೋ ಅಂದರು, ಇನ್ನೊಂದು, ಹಗ್ಗ ಎಳೆಯುವ ಸದ್ದು, ಎಳೀರೋ, ಎಳೀರೋ, ಹೊರಡುತ್ತಿದ್ದಾರೆ, ಪಡಸಾಲೆ ಖಾಲಿಯಾಗಿರಬೇಕು, ಹೆಜ್ಜೆ ಸದ್ದಿಲ್ಲ, ವಿಮಾನ ಇನ್ನೂ ಸರಕು ಇಳಿಸುತ್ತಿದೆ, ಮೇಜಿನ ಮೇಲಿನ ನನ್ನ ನೆರಳು ಆಗಲೇ ಮಸುಕು, ಸೂರ್ಯ ಬಂದಷ್ಟೇ ಬೇಗ ಹೊರಟ, ನಾಳೆ ಯಾವ ವಿಮಾನ, ಗಾಳಿ ಎಷ್ಟು, ಬರೆ, ಬರೆ, ಶಿಲುಬೆ ಕಾಣುತ್ತಿದೆ ಅಂತ ಬರೆ —

ಟಕ್ ಟಕ್.

ಬಾಗಿಲು. ನನ್ನ ಬಾಗಿಲು. ಇಲ್ಲಿ ಯಾರೂ ಬಡಿಯುವುದಿಲ್ಲ, ಹೊರಗಿನಿಂದ ಕೂಗುತ್ತಾರೆ, ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ, ಬಡಿಯುವುದಿಲ್ಲ, ಬಡಿಯುವವನು ಒಬ್ಬನೇ, ಅವನು ಬಡಿಯುವುದು ಒಂದೇ ಸುದ್ದಿಗೆ, ಯಾರಿಗೆ ಏನಾಯಿತು, ಜೈಪಿಟಿ ಬರಿಯ ಸ್ವೆಟರಿನಲ್ಲಿ, ಮುದುಕಿಯರು ಹೊದಿಕೆಯಿಲ್ಲದೆ, ನಾನೇ ಆರಿಸಿ ಅಂದದ್ದು, ನಾನೇ, ಅಥವಾ ಅಕ್ಕನೆ, ಅಲ್ಲಿಂದ ಫೋನು ಬಂದು — ಕೈ ಎಲ್ಲಿತ್ತೋ ಅಲ್ಲೇ ನಿಂತಿದೆ, ಉಸಿರೂ ನಿಂತಿದೆ, ಓ, ಹೀಗೆ ಇರುತ್ತದೆಯೆ ಒಳಗಿನವರಿಗೆ, ಈ ಊರಿನ ಒಳಗಿನವರಿಗೆ ಹೀಗೆ ಇರುತ್ತದೆಯೆ, ಮತ್ತೆ, ಟಕ್ ಟಕ್, ತೀರ ಮೆಲ್ಲಗೆ, ಪೊಲೀಸಿನವನ ಕೈ ಇಷ್ಟು ಮೆಲ್ಲಗಿರುವುದಿಲ್ಲ, ಎದ್ದೆ, ಗಾಜಿನ ತುಂಬ ಹಿಮದ ಹೂವು, ಆಚೆ ಬಿಳಿ, ಬಿಳಿಯ ಅಂಚಿಗೆ ಕೆಂಪು ಪಟ್ಟಿ, ನೆಗಡಿ ಹಿಡಿದ ದನಿ, ನಡುವೆ ನಗೆಯೋ ಅಳುವೋ ಸಿಕ್ಕಿಕೊಂಡಿದೆ, ಟಕ್‌ಟಕ್ ಹೆಸರು ರೇಡಿಯೊದಲ್ಲಿ ಹೇಳ್ಬೇಡ, ನಾನೇ ಹೋಗಿ ಅವಳ ಬಾಗಿಲು ಬಡೀತೀನಿ ಅಂದ್ಲು ನಮ್ಮತ್ತೆ, ತೆಗಿಯೇ ಮಂಕು, ನಿಮ್ಮವ್ವನ ಕೈ ತಣ್ಣಗಾಗ್ತಿದೆ, ಉಗುರಿನಿಂದ ಹಿಮ ಕೆರೆದೆ, ಒಂದು ನಾಣ್ಯದಗಲ, ಅದರೊಳಗೆ ಮಿಯಾಲಿಯ ಹುಬ್ಬು, ಎರಡೂ ಮೇಲೇರಿದ ಹುಬ್ಬು, ಅವಳ ಎರಡು ಬೆರಳು, ಬೆರಳುಗಳ ನಡುವೆ ಹಿಡಿದದ್ದು, ಗಾಜಿಗೆ ತಾಗುತ್ತಿರುವುದು, ಪೀಚ್ ಬೀಜದಷ್ಟು, ಸುಕ್ಕು ಸುಕ್ಕು, ಕೆಂಪು, ಗೆಣ್ಣುಗಳು ಬೆಳ್ಳಗೆ, ಬೀಗ ಎಲ್ಲಿ, ಯಾರದು, ಅನ್ನಬೇಕು ನಾನು, ಯಾರದು, ಪೊಲೀಸಾ — ಗಾಜಿನ ಆಚೆ ಅದು, ಮಡಿಸಿದ್ದು, ಬಿಚ್ಚದ್ದು, ಮತ್ತೆ ಎತ್ತಿದ್ದು, ಕೂಸಿನ ಮುಷ್ಟಿ, ಆ ಮುಷ್ಟಿ —